ಶಸ್ತ್ರಚಿಕಿತ್ಸಾ ಉಪಕರಣಗಳ ಟ್ರ್ಯಾಕಿಂಗ್ (ವರ್ಚುವಲ್ ರಿಯಾಲಿಟಿ ತರಬೇತಿ)

ಶಸ್ತ್ರಚಿಕಿತ್ಸಾ ಉಪಕರಣಗಳ ಟ್ರ್ಯಾಕಿಂಗ್ ಎಂಬುದು ವರ್ಚುವಲ್ ರಿಯಾಲಿಟಿ ತರಬೇತಿಯಲ್ಲಿ ಕಲಿಯುವ ವೈದ್ಯರ ಕೈಯಲ್ಲಿರುವ ಉಪಕರಣದ ಸ್ಥಾನ ಮತ್ತು ದಿಕ್ಕನ್ನು ಕ್ಷಣಕ್ಷಣವೂ ಅಳೆದು ಗಣಕಯಂತ್ರಕ್ಕೆ ತಿಳಿಸುವ ವಿಧಾನವಾಗಿದೆ. ಈ ಅಳತೆಗೆ ತಕ್ಕಂತೆ ಪರದೆಯಲ್ಲಿ ಉಪಕರಣದ ಪ್ರತಿರೂಪವು ಚಲಿಸುತ್ತದೆ. ಕಲಿಯುವವರ ಕೌಶಲವನ್ನು ಅಳೆಯಲೂ ಇದೇ ದಾಖಲೆ ನೆರವಾಗುತ್ತದೆ. ರೋಗಿಗೆ ಅಪಾಯವಿಲ್ಲದೆ ತಪ್ಪುಗಳನ್ನು ತಿದ್ದಿಕೊಳ್ಳಬಹುದಾದುದು ಈ ತರಬೇತಿಯ ಮುಖ್ಯ ಪ್ರಯೋಜನ.

ಹಿನ್ನೆಲೆ

ಲ್ಯಾಪರೊಸ್ಕೋಪಿ ವಿಧಾನದಲ್ಲಿ ಹೊಟ್ಟೆಯ ಸಣ್ಣ ರಂಧ್ರಗಳ ಮೂಲಕ ಉದ್ದನೆಯ ಉಪಕರಣಗಳನ್ನು ಒಳಸೇರಿಸಿ, ಕ್ಯಾಮೆರಾದ ಚಿತ್ರವನ್ನು ನೋಡುತ್ತ ಶಸ್ತ್ರಚಿಕಿತ್ಸೆ ನಡೆಸಲಾಗುತ್ತದೆ. ರಂಧ್ರವು ಸನ್ನೆಕೋಲಿನ ಆಧಾರಬಿಂದುವಿನಂತೆ ವರ್ತಿಸುವುದರಿಂದ ಕೈ ಎಡಕ್ಕೆ ಸರಿದರೆ ಉಪಕರಣದ ತುದಿ ಬಲಕ್ಕೆ ಸರಿಯುತ್ತದೆ. ಇದನ್ನು ರೂಢಿಸಿಕೊಳ್ಳಲು ದೀರ್ಘ ಅಭ್ಯಾಸ ಬೇಕಾಗುತ್ತದೆ.

ವಿಧಗಳು

* ಯಾಂತ್ರಿಕ: ಉಪಕರಣವನ್ನು ಚೌಕಟ್ಟಿಗೆ ಜೋಡಿಸಿ, ಕೀಲುಗಳಲ್ಲಿರುವ ಸಂವೇದಕಗಳಿಂದ ಚಲನೆಯನ್ನು ಅಳೆಯಲಾಗುತ್ತದೆ. ಎರಡು ದಿಕ್ಕಿನ ಓಲಾಟ, ಒಳಹೊರ ಸರಿತ ಹಾಗೂ ತಿರುಗುವಿಕೆ ಎಂಬ ನಾಲ್ಕು ಚಲನೆಗಳ ಜೊತೆಗೆ ಹಿಡಿಕೆಯ ತೆರೆ-ಮುಚ್ಚುವಿಕೆಯನ್ನೂ ದಾಖಲಿಸಬಹುದು.
* ವಿದ್ಯುತ್ಕಾಂತೀಯ: ಕಾಂತಕ್ಷೇತ್ರದಲ್ಲಿರಿಸಿದ ಸಣ್ಣ ಸಂವೇದಕದಿಂದ ಸ್ಥಾನ ತಿಳಿಯುತ್ತದೆ. ಅಡ್ಡಿಯಿದ್ದರೂ ಕೆಲಸ ಮಾಡುತ್ತದೆ. ಆದರೆ ಸಮೀಪದ ಲೋಹವಸ್ತುಗಳಿಂದ ಅಳತೆ ತಪ್ಪಬಹುದು.
* ದೃಶ್ಯಾಧಾರಿತ: ಉಪಕರಣಕ್ಕೆ ಅಂಟಿಸಿದ ಗುರುತುಗಳನ್ನು ಕ್ಯಾಮೆರಾಗಳು ಹಿಂಬಾಲಿಸುತ್ತವೆ. ಕೈ ಅಡ್ಡ ಬಂದರೆ ಗುರುತು ಮರೆಯಾಗುತ್ತದೆ.

ಸ್ಪರ್ಶದ ಅನುಭವವನ್ನೂ ನೀಡುವ ಯಂತ್ರಗಳಲ್ಲಿ ಅಂಗಾಂಶದ ಪ್ರತಿರೋಧವನ್ನು ಸೆಕೆಂಡಿಗೆ ಸುಮಾರು 1000 ಬಾರಿ ಲೆಕ್ಕಹಾಕಲಾಗುತ್ತದೆ. ಅಳತೆ ತಡವಾದರೆ ಕಣ್ಣಿಗೂ ಕೈಗೂ ಹೊಂದಾಣಿಕೆ ತಪ್ಪುತ್ತದೆ.

ಕೌಶಲದ ಮಾಪನ

ತೆಗೆದುಕೊಂಡ ಸಮಯ, ಉಪಕರಣದ ತುದಿ ಕ್ರಮಿಸಿದ ದೂರ, ಚಲನೆಗಳ ಸಂಖ್ಯೆ ಹಾಗೂ ಚಲನೆಯ ನಯವನ್ನು ಮಾನದಂಡಗಳಾಗಿ ಬಳಸಲಾಗುತ್ತದೆ. ಸಾಮಾನ್ಯವಾಗಿ ಅನುಭವಿಗಳ ಕೈ ಕಡಿಮೆ ದೂರವನ್ನು ಕಡಿಮೆ ಚಲನೆಗಳಲ್ಲಿ ಕ್ರಮಿಸುತ್ತದೆ.

ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ 16 ರೆಸಿಡೆಂಟ್ ವೈದ್ಯರ ಮೇಲೆ ನಡೆದ ಅಧ್ಯಯನವು 2002ರಲ್ಲಿ ಪ್ರಕಟವಾಯಿತು. ಎಂಐಎಸ್‌ಟಿ-ವಿಆರ್ ಎಂಬ ಸಾಧನದಲ್ಲಿ ಅಭ್ಯಾಸ ಮಾಡಿದವರು, ನಂತರ ರೋಗಿಗಳ ಶಸ್ತ್ರಚಿಕಿತ್ಸೆಯಲ್ಲಿ ಪಿತ್ತಕೋಶವನ್ನು ಬಿಡಿಸುವ ಹಂತವನ್ನು ಉಳಿದವರಿಗಿಂತ ಶೇ. 29ರಷ್ಟು ವೇಗವಾಗಿ ಮುಗಿಸಿದರು. ಪ್ರತಿ ಶಸ್ತ್ರಚಿಕಿತ್ಸೆಯಲ್ಲಿ ಅವರ ತಪ್ಪುಗಳು ಸರಾಸರಿ 1.19 ಆಗಿದ್ದರೆ, ಉಳಿದವರಲ್ಲಿ 7.38 ಆಗಿದ್ದವು.

ಮಿತಿಗಳು

ಟ್ರ್ಯಾಕಿಂಗ್ ಕೈಯ ಚಲನೆಯನ್ನು ಅಳೆಯುತ್ತದೆಯೇ ಹೊರತು ವೈದ್ಯರ ವಿವೇಚನೆಯನ್ನಲ್ಲ. ಪಿತ್ತಕೋಶದ ಶಸ್ತ್ರಚಿಕಿತ್ಸೆಯಲ್ಲಿ ಮುಖ್ಯ ಪಿತ್ತನಾಳವನ್ನೇ ಪಿತ್ತಕೋಶದ ನಾಳವೆಂದು ಭಾವಿಸಿ ಕತ್ತರಿಸುವುದು ಗಂಭೀರವಾದ ತಪ್ಪು. ಇದಕ್ಕೆ ಬಹುಮಟ್ಟಿಗೆ ಕಾರಣ ಅಂಗರಚನೆಯನ್ನು ತಪ್ಪಾಗಿ ಗುರುತಿಸುವುದೇ ಹೊರತು ಕೈಯ ಅಸ್ಥಿರತೆಯಲ್ಲ. ಅಂತಹ ಸಂದರ್ಭದಲ್ಲಿ ಚಲನೆ ನಯವಾಗಿಯೇ ಇರಬಹುದು. ಆದ್ದರಿಂದ ಚಲನೆಯ ಅಂಕಿಗಳ ಜೊತೆಗೆ ತಪ್ಪುಗಳ ಎಣಿಕೆ ಹಾಗೂ ಅನುಭವಿ ವೈದ್ಯರ ಮೌಲ್ಯಮಾಪನವೂ ಅಗತ್ಯ.