ಹಸುವಿಗೆ ಜ್ವರವೇ? ಇಂಜೆಕ್ಷನ್‌ಗಿಂತ ಮೊದಲು ಕಿವಿಯಿಂದ ಒಂದು ಹನಿ ರಕ್ತ ತೆಗೆಸಿ

ನಿನ್ನೆ ಸಂಜೆ ಡೇರಿಗೆ ಎಂಟು ಲೀಟರ್ ಹಾಲು ಕೊಟ್ಟ ಎಚ್‌ಎಫ್ ಹಸು ಇವತ್ತು ಮೂರಕ್ಕೆ ಇಳಿಯುತ್ತದೆ. ಹಸಿ ಮೇವು ಹಾಕಿದರೂ ಮೂಸಿ ಬಿಡುತ್ತದೆ, ಮೈ ಸುಡುತ್ತಿರುತ್ತದೆ. ಮನೆಯವರು ಮೆಡಿಕಲ್‌ನಿಂದ ಜ್ವರದ ಇಂಜೆಕ್ಷನ್ ತಂದು ಯಾರ ಕೈಲೋ ಹಾಕಿಸುತ್ತಾರೆ. ಒಂದು ದಿನ ಇಳಿದಂತೆ ಕಂಡ ಜ್ವರ ಮತ್ತೆ ಏರುತ್ತದೆ. ನಾಲ್ಕನೇ ದಿನ ಡಾಕ್ಟರ್ ಬರುವ ಹೊತ್ತಿಗೆ ಹಸು ಏದುಸಿರು ಬಿಡುತ್ತಿರುತ್ತದೆ. ಮಿಶ್ರತಳಿ ಹಸು ಕಟ್ಟಿರುವ ಊರುಗಳಲ್ಲಿ, ಅದರಲ್ಲೂ ಬೇಸಿಗೆ ಮತ್ತು ಮಳೆಗಾಲದಲ್ಲಿ, ಇದು ಹೊಸ ಕಥೆಯೇನಲ್ಲ.

ಇಂಥ ಎಷ್ಟೋ ಜ್ವರಗಳಿಗೆ ಕಾರಣ ಪ್ರೊಟೊಜೋವಾ ಎಂಬ ಏಕಕೋಶ ಪರಾವಲಂಬಿ ಜೀವಿಗಳು. ಮನುಷ್ಯರಿಗೆ ಮಲೇರಿಯಾ ತರುವುದೂ ಇದೇ ಗುಂಪು. ಇವು ರಕ್ತದೊಳಗೆ ಕೂತು ಬೆಳೆಯುತ್ತವೆ. ಜ್ವರ ಇಳಿಸುವ ಔಷಧಕ್ಕೆ ಮೈ ತಣ್ಣಗಾಗಬಹುದು, ಆದರೆ ಒಳಗಿನ ಜೀವಿ ಸಾಯಲ್ಲ. ಎಲ್ಲ ಜೀವಿಗಳಿಗೂ ಒಂದೇ ಔಷಧ ನಾಟಲ್ಲ. ಅದಕ್ಕೇ ಮೊದಲು ಯಾವುದು ಅಂತ ಗೊತ್ತಾಗಬೇಕು.

ಥೈಲೇರಿಯಾ: ಮಿಶ್ರತಳಿಯ ದೊಡ್ಡ ಶತ್ರು

ಇದನ್ನು ಹರಡುವುದು ಹಯಲೋಮಾ ಜಾತಿಯ ಉಣ್ಣೆ. ಜೀವಿ ಮೊದಲು ಬಿಳಿ ರಕ್ತಕಣದೊಳಗೆ ಸೇರಿ, ಆ ಕಣ ಕ್ಯಾನ್ಸರ್‌ನ ಹಾಗೆ ಒಂದೇ ಸಮನೆ ಒಡೆದು ಹೆಚ್ಚುವಂತೆ ಮಾಡುತ್ತದೆ. ಆಮೇಲೆ ಕೆಂಪು ರಕ್ತಕಣಕ್ಕೆ ನುಗ್ಗುತ್ತದೆ. ಜ್ವರ 104ರಿಂದ 106 ಡಿಗ್ರಿ ಫ್ಯಾರನ್‌ಹೀಟ್‌ವರೆಗೂ ಹೋಗುತ್ತದೆ. ಭುಜದ ಮುಂದಿನ ದುಗ್ಧರಸ ಗ್ರಂಥಿ ಊದಿಕೊಂಡು ಕೈಗೆ ಗಟ್ಟಿ ಗಡ್ಡೆಯಂತೆ ಸಿಗುತ್ತದೆ. ಇದನ್ನು ರೈತರೇ ಮುಟ್ಟಿ ನೋಡಬಹುದು, ಎರಡೂ ಕಡೆ ಹೋಲಿಸಿದರೆ ಗೊತ್ತಾಗುತ್ತದೆ. ಕಣ್ಣಿನ ಒಳರೆಪ್ಪೆ ಬಿಳಿಚಿಕೊಳ್ಳುತ್ತದೆ, ಕೊನೆಗೆ ಉಸಿರಾಟ ಕಷ್ಟವಾಗುತ್ತದೆ.

ಹಳ್ಳಿಕಾರ್‌ನಂಥ ನಾಟಿ ತಳಿಗಳು ಇದನ್ನು ಬಹುಮಟ್ಟಿಗೆ ತಡೆದುಕೊಳ್ಳುತ್ತವೆ. ಎಚ್‌ಎಫ್, ಜರ್ಸಿ ಮಿಶ್ರತಳಿ ತಡೆಯಲ್ಲ, ಕರುಗಳಂತೂ ಬೇಗ ಸೋಲುತ್ತವೆ. ಒಂದೇ ಕೊಟ್ಟಿಗೆಯಲ್ಲಿ ನಾಟಿ ಹಸು ಆರಾಮಾಗಿದ್ದು ಪಕ್ಕದ ಎಚ್‌ಎಫ್ ಮಲಗಿದರೆ 'ದೃಷ್ಟಿ ಆಯ್ತು' ಅನ್ನುವವರಿದ್ದಾರೆ. ಎರಡಕ್ಕೂ ಕಚ್ಚಿದ್ದು ಅದೇ ಗೋಡೆಯ ಉಣ್ಣೆ.

ಇದಕ್ಕೆ ಬುಪಾರ್ವಕ್ವೋನ್ ಎಂಬ ಇಂಜೆಕ್ಷನ್ ಇದೆ. ಬೆಲೆ ಜಾಸ್ತಿ. ಆದರೆ ರೋಗದ ಶುರುವಿನಲ್ಲೇ ಕೊಟ್ಟರೆ ಹಸು ಉಳಿಯುವ ಸಾಧ್ಯತೆ ಚೆನ್ನಾಗಿದೆ. ರಕ್ತ ಪೂರ್ತಿ ಕಡಿಮೆಯಾದ ಮೇಲೆ ಅದೇ ಔಷಧ ಕೊಟ್ಟೂ ಹಸು ಹೋಗಬಹುದು. ಮೊದಲ ಮೂರ್ನಾಲ್ಕು ದಿನ ಕಳೆದುಕೊಳ್ಳುವುದೇ ಇಲ್ಲಿ ದುಬಾರಿ. ಲಸಿಕೆಯೂ ಇದೆ, ಆದರೆ ಅದು ಜೀವಂತ ಲಸಿಕೆ, ದ್ರವ ಸಾರಜನಕದಲ್ಲಿ ಇಡಬೇಕು. ಹಾಗಾಗಿ ಮುಂಚೆಯೇ ಡಾಕ್ಟರ್ ಜೊತೆ ಮಾತಾಡಿ ತರಿಸಬೇಕಾಗುತ್ತದೆ.

ಕೆಂಪು ಮೂತ್ರ ಕಂಡರೆ

ಕಾಫಿ ಬಣ್ಣದ ಮೂತ್ರ, ಜೊತೆಗೆ ಜ್ವರ ಇದ್ದರೆ ಬಬೇಸಿಯಾ ಅನುಮಾನ. ಇದೂ ಉಣ್ಣೆಯಿಂದಲೇ, ಆದರೆ ಬೇರೆ ಜಾತಿಯದು. ತಾಯಿ ಉಣ್ಣೆಯಿಂದ ಮೊಟ್ಟೆಗೂ ಸೋಂಕು ದಾಟುತ್ತದೆ, ಹುಟ್ಟುವ ಮರಿ ಉಣ್ಣೆಗಳು ರೋಗ ಹೊತ್ತೇ ಬರುತ್ತವೆ. ಕೀಟದಂಥ ಜೀವಿಯೊಂದು ಕಚ್ಚಿ ರೋಗ ಹರಡುತ್ತದೆ ಎಂದು 1893ರಲ್ಲಿ ಅಮೆರಿಕದ ಸ್ಮಿತ್ ಮತ್ತು ಕಿಲ್ಬೋರ್ನ್ ತೋರಿಸಿದ್ದು ಇದೇ ರೋಗದಲ್ಲಿ. ಸೊಳ್ಳೆ ಮತ್ತು ಮಲೇರಿಯಾ ನಂಟು ಹೊರಬಂದದ್ದು ಆಮೇಲೆ.

ಮೂತ್ರ ಕೆಂಪಾದದ್ದೆಲ್ಲ ಬಬೇಸಿಯಾ ಅಲ್ಲ. ಕರು ಹಾಕಿದ ಹೊಸದರಲ್ಲಿ ರಂಜಕದ ಕೊರತೆಯಿಂದಲೂ ಆಗುತ್ತದೆ, ಅದರಲ್ಲಿ ಸಾಮಾನ್ಯವಾಗಿ ಜ್ವರ ಇರಲ್ಲ. ಎರಡಕ್ಕೂ ಚಿಕಿತ್ಸೆ ಪೂರ್ತಿ ಬೇರೆ.

ನೊಣ ತರುವ ಸರ್ರಾ

ದನದ ಮೈಮೇಲೆ ಕೂತು ರಕ್ತ ಹೀರುವ ದೊಡ್ಡ ನೊಣಗಳಿಂದ ಟ್ರಿಪನೊಸೋಮಾ ಹರಡುತ್ತದೆ. 1880ರಲ್ಲಿ ಗ್ರಿಫಿತ್ ಇವಾನ್ಸ್ ಎಂಬ ಪಶುವೈದ್ಯ ಇದನ್ನು ಅಂದಿನ ಪಂಜಾಬಿನ ಕುದುರೆ, ಒಂಟೆಗಳ ರಕ್ತದಲ್ಲಿ ಪತ್ತೆ ಮಾಡಿದ. ಕುದುರೆ, ನಾಯಿಗೆ ಜೋರಾಗಿ ಬರುತ್ತದೆ. ದನ, ಎಮ್ಮೆಯಲ್ಲಿ ಎಷ್ಟೋ ಸಲ ಸದ್ದಿಲ್ಲದೆ ಕೂತಿದ್ದು, ಬಿಟ್ಟು ಬಿಟ್ಟು ಬರುವ ಜ್ವರ, ಸೊರಗುವಿಕೆ, ಗರ್ಭಪಾತದಲ್ಲಿ ಹೊರಬೀಳುತ್ತದೆ.

ಕಾಡುಪ್ರಾಣಿಗಳನ್ನೂ ಇದು ಬಿಟ್ಟಿಲ್ಲ. 2000ದ ಜುಲೈನಲ್ಲಿ ಒಡಿಶಾದ ನಂದನಕಾನನ ಮೃಗಾಲಯದಲ್ಲಿ ಕೆಲವೇ ದಿನಗಳಲ್ಲಿ ಹತ್ತಕ್ಕೂ ಹೆಚ್ಚು ಹುಲಿಗಳು ಸತ್ತದ್ದು ಇದೇ ಸೋಂಕಿನಲ್ಲಿ. 2018ರಲ್ಲಿ ಗುಜರಾತಿನ ಗಿರ್ ಸಿಂಹಗಳು ಸತ್ತಾಗ ನಾಯಿಗಳ ಡಿಸ್ಟೆಂಪರ್ ವೈರಸ್ ಜೊತೆಗೆ ಬಬೇಸಿಯಾ ಕೂಡ ಸಿಕ್ಕಿತ್ತು. ಜಿಂಕೆಗಳಂಥ ಪ್ರಾಣಿಗಳ ರಕ್ತದಲ್ಲಿ ಥೈಲೇರಿಯಾ ಕುಲದ ಜೀವಿಗಳಿದ್ದರೂ ಅವು ಆರೋಗ್ಯವಾಗೇ ಕಾಣುವುದುಂಟು. ಕಾಡಂಚಿನಲ್ಲಿ ಮೇಯುವ ದನ ಮತ್ತು ಕಾಡುಪ್ರಾಣಿ ಒಂದೇ ಹುಲ್ಲಿನ ಉಣ್ಣೆ ಹಂಚಿಕೊಳ್ಳುತ್ತವೆ. ಸೋಂಕು ಎರಡೂ ಕಡೆಗೆ ಹೋಗಬಹುದು, ಕಾಡನ್ನೊಂದೇ ಬೈದು ಪ್ರಯೋಜನವಿಲ್ಲ.

ಕಿವಿಯ ಆ ಒಂದು ಹನಿ

ಪರೀಕ್ಷೆ ದೊಡ್ಡದೇನಲ್ಲ. ಕಿವಿಯ ನರಕ್ಕೆ ಚುಚ್ಚಿ ಒಂದು ಹನಿ ರಕ್ತವನ್ನು ಗಾಜಿನ ಪಟ್ಟಿಯ ಮೇಲೆ ತೆಳುವಾಗಿ ಎಳೆದು ಒಣಗಿಸಿ, ಬಣ್ಣ ಹಾಕಿ ಮೈಕ್ರೋಸ್ಕೋಪ್‌ನಲ್ಲಿ ನೋಡುತ್ತಾರೆ. ಜ್ವರ ಜೋರಾಗಿದ್ದಾಗ, ಔಷಧ ಬೀಳುವ ಮೊದಲು ತೆಗೆದರೆ ಜೀವಿ ಸಿಗುವ ಸಾಧ್ಯತೆ ಹೆಚ್ಚು. ಇಂಜೆಕ್ಷನ್ ಹಾಕಿಸಿ ಆಮೇಲೆ ರಕ್ತ ಕೊಟ್ಟರೆ ವರದಿಯಲ್ಲಿ 'ಏನೂ ಇಲ್ಲ' ಅಂತ ಬಂದು ಎಲ್ಲರೂ ಮೋಸ ಹೋಗಬಹುದು. ಆಸ್ಪತ್ರೆ ದೂರ ಇದ್ದರೆ 1962ಕ್ಕೆ ಫೋನ್ ಮಾಡಿ ಸಂಚಾರಿ ಪಶು ಚಿಕಿತ್ಸಾ ವಾಹನ ಕೇಳಬಹುದು. ಔಷಧ ಕೊಟ್ಟ ಮೇಲೆ ಎಷ್ಟು ದಿನ ಹಾಲನ್ನು ಡೇರಿಗೆ ಹಾಕಬಾರದು ಅಂತಲೂ ಆಗಲೇ ಕೇಳಿಕೊಳ್ಳಿ.

ಉಣ್ಣೆ ವಿಷಯದಲ್ಲಿ ಒಂದು ಲಾಭದ ಮಾತಿದೆ. ಉಣ್ಣೆ ಕಚ್ಚಿದ ಕೂಡಲೇ ಥೈಲೇರಿಯಾ ದಾಟಲ್ಲ, ಅದು ಎರಡು ಮೂರು ದಿನ ಕಚ್ಚಿಕೊಂಡಿರಬೇಕು. ದಿನಾ ಕಿವಿ, ಕೆಚ್ಚಲು, ಬಾಲದ ಬುಡ ನೋಡಿ ತೆಗೆದರೆ ಅರ್ಧ ಕೆಲಸ ಆಯ್ತು. ಬರಿಗೈಲಿ ಹೊಸಕಬೇಡಿ, ಚಿಮಟ ಹಿಡಿದು ಸೀಮೆಎಣ್ಣೆ ಡಬ್ಬಿಗೆ ಹಾಕಿ. ಹಯಲೋಮಾ ಮೊಟ್ಟೆ ಇಡುವುದು ಗೋಡೆ, ನೆಲದ ಬಿರುಕಿನಲ್ಲಿ. ದನಕ್ಕೆ ಮಾತ್ರ ಔಷಧ ಹೊಡೆದು ಕೊಟ್ಟಿಗೆಯ ಬಿರುಕು ಹಾಗೇ ಬಿಟ್ಟರೆ ತಿಂಗಳಲ್ಲಿ ಮತ್ತೆ ಹತ್ತುತ್ತವೆ. ಬಿರುಕು ಮುಚ್ಚಿ, ಸುಣ್ಣ ಬಳಿಯಿರಿ. ಬೇರೆ ಊರಿಂದ ತಂದ ಹಸುವನ್ನು ಉಣ್ಣೆ ತೆಗೆಯುವ ತನಕ ಉಳಿದವುಗಳ ಜೊತೆ ಕಟ್ಟಬೇಡಿ.