ಸಬ್‌ವೂಫರ್ ಸಮೀಕರಣ

ಹೋಂ ಥಿಯೇಟರ್‌ನ ಸಬ್‌ವೂಫರ್ ಹೊರಡಿಸುವ ಮಂದ್ರ ಧ್ವನಿಯನ್ನು ಅಳೆದು, ಕೋಣೆಯಿಂದಾಗುವ ಏರುಪೇರನ್ನು ಫಿಲ್ಟರ್‌ಗಳಿಂದ ತಿದ್ದುವ ವಿಧಾನ. ಎದುರುಬದುರು ಗೋಡೆಗಳ ನಡುವೆ ಹುಟ್ಟುವ ಸ್ಥಾಯಿ ತರಂಗಗಳೇ ಈ ಏರುಪೇರಿಗೆ ಮುಖ್ಯ ಕಾರಣ. 5 ಮೀಟರ್ ಉದ್ದದ ಕೋಣೆಯಲ್ಲಿ ಮೊದಲ ಅನುರಣನ ಸುಮಾರು 34 ಹರ್ಟ್ಸ್‌ನಲ್ಲಿ ಬರುತ್ತದೆ. ಒಂದು ಸ್ವರ ಗುಡುಗಿದರೆ ಇನ್ನೊಂದು ಕೇಳಿಸದೇ ಹೋಗುತ್ತದೆ; ಕುರ್ಚಿ ಸರಿಸಿದರೆ ಎಲ್ಲವೂ ಬದಲು.

ಜಾನ್ ಮಲ್ಕಾಹಿ ರೂಪಿಸಿದ ‘ರೂಮ್ ಇಕ್ಯೂ ವಿಝರ್ಡ್’ ಈ ಕೆಲಸಕ್ಕೆ ಉಚಿತವಾಗಿ ಸಿಗುವ ಹೆಸರಾಂತ ತಂತ್ರಾಂಶ. ಕೇಳುಗರು ಕೂರುವ ಜಾಗದಲ್ಲಿ, ಕಿವಿಯ ಎತ್ತರಕ್ಕೆ, ಅಳತೆಯ ಮೈಕ್ ಇಟ್ಟು, ಕೆಳ ಆವರ್ತನದಿಂದ ಮೇಲಕ್ಕೇರುವ ಸೈನ್ ಸಂಕೇತ ನುಡಿಸಿದರೆ ಅದು ಪ್ರತಿಕ್ರಿಯೆಯ ರೇಖೆ ಬಿಡಿಸುತ್ತದೆ. ಶಿಖರಗಳನ್ನು ತಗ್ಗಿಸಲು ಬೇಕಾದ ಆವರ್ತನ, ಡೆಸಿಬೆಲ್, ಕ್ಯೂ (ಫಿಲ್ಟರ್ ಎಷ್ಟು ಕಿರಿದು ಎಂಬ ಅಳತೆ) ಮೌಲ್ಯಗಳನ್ನೂ ಲೆಕ್ಕಹಾಕಿ ಕೊಡುತ್ತದೆ. ಅವನ್ನು ಮಿನಿಡಿಎಸ್‌ಪಿಯಂಥ ಪ್ರೊಸೆಸರ್‌ಗೆ ತುಂಬಬಹುದು.

ಆಳವಾದ ತಗ್ಗುಗಳನ್ನು ಮಾತ್ರ ಧ್ವನಿ ಏರಿಸಿ ತುಂಬಲು ಹೋಗಬಾರದು. ತರಂಗಗಳು ಒಂದನ್ನೊಂದು ರದ್ದುಮಾಡುವ ಕಡೆ ಏರಿಸಿದ್ದೂ ರದ್ದಾಗುತ್ತದೆ, ಆಂಪ್ಲಿಫೈಯರ್‌ಗೆ ವೃಥಾ ಹೊರೆ. ಅಂಥಲ್ಲಿ ಸಬ್‌ವೂಫರ್‌ನ ಜಾಗ ಬದಲಿಸುವುದೇ, ಇಲ್ಲವೇ ಇನ್ನೊಂದನ್ನು ಸೇರಿಸುವುದೇ ಸರಿಯಾದ ಪರಿಹಾರ. ಆದ್ದರಿಂದ ಮೊದಲು ಸ್ಥಳ ನಿರ್ಧರಿಸಿ, ಆಮೇಲೆ ಫಿಲ್ಟರ್ ಹಾಕಿ, ಮತ್ತೊಮ್ಮೆ ಅಳೆದು ನೋಡಬೇಕು.