ಯಂತ್ರದ ನಡಿಗೆ, ಮನಸ್ಸಿನ ನುಡಿ

ಭಾಷೆ ಎಂದೊಡನೆ ನಮಗೆ ನೆನಪಾಗುವುದು ಜನರು ಆಡುವ ನುಡಿ, ಕವಿಗಳು ಕಟ್ಟಿದ ನುಡಿ. ಅದು ಯಾರೊಬ್ಬರ ನಿರ್ಮಾಣವೂ ಅಲ್ಲ. ತಲೆಮಾರುಗಳ ಬಳಕೆಯಲ್ಲಿ ತಾನಾಗಿ ಬೆಳೆದುಬಂದದ್ದು. ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಇನ್ನೊಂದು ಬಗೆಯ ಭಾಷೆ ಹುಟ್ಟಿಕೊಂಡಿತು. ಅದಕ್ಕೆ ಹುಟ್ಟಿದ ವರ್ಷವುಂಟು, ನಿರ್ಮಿಸಿದವರ ಹೆಸರುಂಟು. ಗಣಕಯಂತ್ರಕ್ಕೆ ಆದೇಶ ಕೊಡುವ ಭಾಷೆ ಅದು. ಅಂಥ ಭಾಷೆಗಳ ಮೊದಲ ಸಾಲಿನಲ್ಲಿ ನಿಲ್ಲುವ ‘ಫೋರ್‌ಟ್ರಾನ್’ ಅನ್ನು ರೂಪಿಸಿದ ತಂಡದ ಮುಖ್ಯಸ್ಥರು ಅಮೆರಿಕದ ಜಾನ್ ಬ್ಯಾಕಸ್. ಇಪ್ಪತ್ತು ವರ್ಷಗಳ ಅನಂತರ ಆ ಭಾಷೆಯ ಬುನಾದಿಯನ್ನೇ ಬಹಿರಂಗವಾಗಿ ಪ್ರಶ್ನಿಸಿದವರೂ ಅವರೇ.

1924ರಲ್ಲಿ ಹುಟ್ಟಿದ ಬ್ಯಾಕಸ್ ಓದಿನಲ್ಲಿ ಹೆಸರು ಮಾಡಿದವರಲ್ಲ. ವೈದ್ಯಶಿಕ್ಷಣವನ್ನು ಅರ್ಧಕ್ಕೆ ಬಿಟ್ಟು, ಕೊಲಂಬಿಯ ವಿಶ್ವವಿದ್ಯಾಲಯದಲ್ಲಿ ಗಣಿತ ಕಲಿತು, 1950ರಲ್ಲಿ ಐ.ಬಿ.ಎಂ. ಸಂಸ್ಥೆಯನ್ನು ಸೇರಿದರು. ಆಗ ಗಣಕಕ್ಕೆ ಲೆಕ್ಕ ಒಪ್ಪಿಸುವುದೆಂದರೆ ಅದರ ಒಂದೊಂದು ಹೆಜ್ಜೆಯನ್ನೂ ಮನುಷ್ಯನೇ ಹೇಳಿಕೊಡಬೇಕಾಗಿತ್ತು: ಈ ಮನೆಯಲ್ಲಿರುವ ಅಂಕಿಯನ್ನು ತೆಗೆ, ಆ ಮನೆಯದರೊಡನೆ ಕೂಡಿಸು, ಬಂದದ್ದನ್ನು ಮತ್ತೊಂದು ಮನೆಯಲ್ಲಿಡು. ಇಂಥ ಆದೇಶಗಳ ಸರಣಿಯೇ ಕ್ರಮವಿಧಿ. ಅದನ್ನು ಬರೆದು ತಿದ್ದುವ ಖರ್ಚು ಯಂತ್ರದ ಖರ್ಚಿಗೆ ಸಾಟಿಯಾಗಿ ನಿಲ್ಲುತ್ತಿತ್ತು.

ಗಣಿತದ ಸೂತ್ರವನ್ನು ಹೆಚ್ಚುಕಡಿಮೆ ಇದ್ದಂತೆಯೇ ಬರೆದುಕೊಟ್ಟರೆ ಯಂತ್ರವೇ ಅದನ್ನು ತನ್ನ ಆದೇಶಗಳಿಗೆ ಅನುವಾದಿಸಿಕೊಳ್ಳಲಾರದೇ? 1953ರ ಕೊನೆಯಲ್ಲಿ ಬ್ಯಾಕಸ್ ಇಂಥದೊಂದು ಯೋಜನೆಯನ್ನು ಮುಂದಿಟ್ಟರು. ನುರಿತ ಕ್ರಮವಿಧಿಕಾರರು ನಂಬಲಿಲ್ಲ. ಯಂತ್ರ ಮಾಡಿದ ಅನುವಾದ ಕೈಬರಹದಷ್ಟು ಚುರುಕಾಗಿ ಓಡಲಾರದು ಎಂಬುದು ಅವರ ವಾದ. ಆದ್ದರಿಂದ ತಂಡದ ಶ್ರಮದ ಬಹುಪಾಲು ಅನುವಾದವನ್ನು ಚುರುಕುಗೊಳಿಸುವುದಕ್ಕೇ ಹೋಯಿತು. ಆರು ತಿಂಗಳಲ್ಲಿ ಮುಗಿಯಬಹುದೆಂದು ಎಣಿಸಿದ್ದ ಕೆಲಸ ಬಳಕೆದಾರರ ಕೈ ಸೇರಿದ್ದು 1957ರಲ್ಲಿ. ತಂಡ ಆ ವರ್ಷ ಕೊಟ್ಟ ವರದಿಯಲ್ಲಿ ಒಂದು ನಿದರ್ಶನವಿದೆ. ಒಂದೇ ದಿನದ ಪಾಠ ಕೇಳಿದ ಒಬ್ಬ ಕ್ರಮವಿಧಿಕಾರ ನಾಲ್ಕು ಗಂಟೆಗಳಲ್ಲಿ 47 ವಾಕ್ಯಗಳನ್ನು ಬರೆದ. ಯಂತ್ರ ಅವನ್ನು ಆರು ನಿಮಿಷಗಳಲ್ಲಿ ಸುಮಾರು 1000 ಆದೇಶಗಳಾಗಿ ಬಿಡಿಸಿತು.

ಭಾಷೆ ಹುಟ್ಟಿದ ಮೇಲೆ ವ್ಯಾಕರಣ ಬೇಕಲ್ಲವೇ? ಯುರೋಪು ಮತ್ತು ಅಮೆರಿಕದ ವಿದ್ವಾಂಸರು ಕೂಡಿ ‘ಆಲ್ಗಾಲ್’ ಎಂಬ ಭಾಷೆಯನ್ನು ರೂಪಿಸುತ್ತಿದ್ದಾಗ, 1959ರಲ್ಲಿ ಬ್ಯಾಕಸ್ ಅದರ ವಾಕ್ಯರಚನೆಯನ್ನು ಸೂತ್ರರೂಪದಲ್ಲಿ ನಿರೂಪಿಸಿದರು. ಸಂಖ್ಯೆ ಎಂದರೆ ಒಂದು ಅಂಕಿ. ಇಲ್ಲವೇ ಒಂದು ಸಂಖ್ಯೆ ಮತ್ತು ಅದರ ಮುಂದೆ ಇನ್ನೊಂದು ಅಂಕಿ. ಇಷ್ಟು ಹೇಳಿದರೆ ಎಷ್ಟು ಉದ್ದದ ಸಂಖ್ಯೆಯಾದರೂ ಈ ಸೂತ್ರದೊಳಗೆ ಬಂದಂತಾಯಿತು. ಡೆನ್ಮಾರ್ಕಿನ ಪೀಟರ್ ನೌರ್ 1960ರ ಆಲ್ಗಾಲ್ ವರದಿಯಲ್ಲಿ ಈ ಪದ್ಧತಿಯನ್ನು ಪರಿಷ್ಕರಿಸಿ ಬಳಸಿದರು. ಅಲ್ಪಾಕ್ಷರಗಳಲ್ಲಿ ಅಪಾರವನ್ನು ಹಿಡಿಯುವ ಸೂತ್ರಕ್ರಮ ನಮಗೆ ಹೊಸದಲ್ಲ. 1967ರಲ್ಲಿ ಪೀಟರ್ ಇಂಗರ್‌ಮನ್ ಎಂಬ ತಜ್ಞರು, ಇಂಥ ಪದ್ಧತಿಯನ್ನು ಪಾಣಿನಿ ಬಹು ಹಿಂದೆಯೇ ಬಳಸಿದ್ದನೆಂದು ಹೇಳಿ, ಇದನ್ನು ಪಾಣಿನಿ-ಬ್ಯಾಕಸ್ ರೂಪವೆಂದು ಕರೆಯಬೇಕೆಂದು ಸೂಚಿಸಿದರು. ಬಳಕೆಯಲ್ಲಿ ನಿಂತದ್ದು ಬ್ಯಾಕಸ್-ನೌರ್ ಎಂಬ ಹೆಸರು.

ಹೀಗೆ ವಾಕ್ಯದ ರೂಪ ಸ್ಪಷ್ಟವಾಯಿತು. ಆದರೆ ಆ ವಾಕ್ಯಗಳಲ್ಲಿ ಅಡಗಿದ್ದ ಆಲೋಚನೆಯ ಕ್ರಮ ಯಾರದು, ಮನುಷ್ಯನದೋ ಯಂತ್ರದ್ದೋ? ಫೋರ್‌ಟ್ರಾನಿನಲ್ಲಿ ‘ಮೊತ್ತ = ಮೊತ್ತ + 1’ ಎಂಬ ಅರ್ಥದ ವಾಕ್ಯವನ್ನು ಬರೆಯಬಹುದು. ಗಣಿತದ ದೃಷ್ಟಿಯಲ್ಲಿ ಇದು ಅಸಂಗತ. ಯಾವ ಸಂಖ್ಯೆಯೂ ತನಗಿಂತ ಒಂದು ಹೆಚ್ಚಾಗಿರಲಾರದು. ಇಲ್ಲಿ ಸಮಚಿಹ್ನೆ ಹೇಳುವುದು ಸಮತ್ವವನ್ನಲ್ಲ. ‘ಮೊತ್ತ’ವೆಂಬ ಪೆಟ್ಟಿಗೆಯಲ್ಲಿದ್ದುದನ್ನು ತೆಗೆದು, ಒಂದು ಕೂಡಿಸಿ, ಮತ್ತೆ ಅದೇ ಪೆಟ್ಟಿಗೆಯಲ್ಲಿಡು ಎಂಬುದು ಅದರ ಅರ್ಥ. ಉಡುಪು ಗಣಿತದ್ದು, ನಡಿಗೆ ಯಂತ್ರದ್ದು. 1945ರಲ್ಲಿ ಜಾನ್ ಫಾನ್ ನಾಯ್‌ಮನ್ ಅವರ ವರದಿಯಲ್ಲಿ ನಿರೂಪಿತವಾದ ಮಾದರಿಯ ಯಂತ್ರಗಳಲ್ಲಿ ಸ್ಮೃತಿಕೋಶಕ್ಕೂ ಲೆಕ್ಕಮಾಡುವ ಅಂಗಕ್ಕೂ ನಡುವೆ ಇರುವುದು ಒಂದು ಇಕ್ಕಟ್ಟಾದ ದಾರಿ. ಅದರಲ್ಲಿ ಒಂದು ಸಲಕ್ಕೆ ಒಂದೇ ಪದ ಹಾಯಬಲ್ಲದು.

1977ರಲ್ಲಿ ಬ್ಯಾಕಸ್‌ರಿಗೆ ಗಣಕಶಾಸ್ತ್ರದ ಅತ್ಯುನ್ನತ ಗೌರವವಾದ ಟ್ಯೂರಿಂಗ್ ಪ್ರಶಸ್ತಿ ಬಂದಿತು. ಅದರ ಉಪನ್ಯಾಸದಲ್ಲಿ ಅವರು ಫೋರ್‌ಟ್ರಾನಿನ ಕಥೆ ಹೇಳುತ್ತ ಕೂರಲಿಲ್ಲ. ಆ ಇಕ್ಕಟ್ಟಿನ ದಾರಿ ಯಂತ್ರದಲ್ಲಷ್ಟೇ ಉಳಿಯದೆ ಮನುಷ್ಯನ ಬುದ್ಧಿಗೂ ಇಳಿದಿದೆ, ಬಳಕೆಯ ಭಾಷೆಗಳು ನಮ್ಮನ್ನು ಬಿಡಿಬಿಡಿ ಪದಗಳಲ್ಲೇ ಯೋಚಿಸುವಂತೆ ಕಟ್ಟಿಹಾಕಿವೆ ಎಂದು ವಾದಿಸಿದರು.

ಅವರ ಪರಿಹಾರವನ್ನು ದಿನಸಿ ಅಂಗಡಿಯ ಲೆಕ್ಕದಿಂದ ತಿಳಿಯಬಹುದು. ಒಂದು ಪಟ್ಟಿಯಲ್ಲಿ ಸಾಮಾನುಗಳ ದರ, ಇನ್ನೊಂದರಲ್ಲಿ ತೂಕ. ಹಳೆಯ ಕ್ರಮದಲ್ಲಿ ಒಂದು ಪೆಟ್ಟಿಗೆಯಲ್ಲಿ ಸೊನ್ನೆಯಿಟ್ಟು, ಮೊದಲ ಸಾಮಾನಿನ ದರವನ್ನೂ ತೂಕವನ್ನೂ ಗುಣಿಸಿ ಅದರಲ್ಲಿ ಸೇರಿಸಿ, ಎರಡನೆಯದಕ್ಕೆ ಹೋಗಿ, ಹೀಗೆ ಪಟ್ಟಿ ಮುಗಿಯುವವರೆಗೂ ನಡೆಯಬೇಕು. ಹೊಸ ಕ್ರಮದಲ್ಲಿ ಹೇಳಬೇಕಾದದ್ದು ಮೂರೇ ಮಾತು: ಎರಡು ಪಟ್ಟಿಗಳನ್ನು ಜೋಡಿಗಳಾಗಿಸು, ಜೋಡಿಗಳನ್ನೆಲ್ಲ ಗುಣಿಸು, ಬಂದುದನ್ನೆಲ್ಲ ಕೂಡಿಸು. ಇಲ್ಲಿ ಪೆಟ್ಟಿಗೆಯೂ ಇಲ್ಲ, ಎಣಿಸುತ್ತ ನಡೆಯುವ ಬೆರಳೂ ಇಲ್ಲ. ಚಿಕ್ಕ ಕ್ರಿಯೆಗಳನ್ನು ಹೊಂದಿಸಿ ದೊಡ್ಡ ಕ್ರಿಯೆಯನ್ನು ಕಟ್ಟುವುದಷ್ಟೇ. ಕಟ್ಟಿದ್ದು ಸರಿಯೇ ಎಂಬುದನ್ನು ಬೀಜಗಣಿತದಂತೆ ಸಾಧಿಸಿ ನೋಡಲೂಬಹುದು.

ಈ ದಾರಿಯನ್ನು ತೆರೆದವರು ಬ್ಯಾಕಸ್ ಒಬ್ಬರೇ ಅಲ್ಲ. ಜಾನ್ ಮೆಕಾರ್ಥಿಯವರ ‘ಲಿಸ್ಪ್’ ಭಾಷೆ 1960ರ ಹೊತ್ತಿಗೇ ಆ ಕಡೆ ಹೆಜ್ಜೆಯಿಟ್ಟಿತ್ತು. ಬ್ಯಾಕಸ್ ಪ್ರಸ್ತಾಪಿಸಿದ ಭಾಷೆ ಬಳಕೆಗೆ ಬರಲೂ ಇಲ್ಲ. ಆದರೆ ಪ್ರಶ್ನೆ ಉಳಿಯಿತು. ಅದೇ ಪಂಥದ ‘ಹ್ಯಾಸ್ಕೆಲ್’ 1990ರಲ್ಲಿ ಬಂದಿತು. ಹಳೆಯ ಕ್ರಮದ ‘ಜಾವಾ’ದಂಥ ಭಾಷೆಯೂ 2014ರಲ್ಲಿ ಆ ಪಂಥದ ಕೆಲವು ಸೌಕರ್ಯಗಳನ್ನು ತನ್ನೊಳಗೆ ಸೇರಿಸಿಕೊಂಡಿತು. ಫೋರ್‌ಟ್ರಾನ್ ಕೂಡ ಅಳಿಯಲಿಲ್ಲ; ಹವಾಮಾನದ ಲೆಕ್ಕಾಚಾರಗಳಲ್ಲಿ ಇಂದಿಗೂ ದುಡಿಯುತ್ತಿದೆ. ಬ್ಯಾಕಸ್ 2007ರಲ್ಲಿ ತೀರಿಕೊಂಡರು.

ಹೇಳಬೇಕಾದುದನ್ನು ಭಾಷೆ ಸುಲಭಗೊಳಿಸುತ್ತದೆ. ಹಾಗೆಯೇ ಯಾವುದನ್ನು ಹೇಳಬಹುದೆಂಬ ಎಲ್ಲೆಯನ್ನೂ ಸದ್ದಿಲ್ಲದೆ ಎಳೆಯುತ್ತದೆ. ಇದು ಸಾಹಿತ್ಯದ ಅಭ್ಯಾಸಿಗಳಿಗೆ ಪರಿಚಿತವಾದ ಸಂಗತಿ. ಯಂತ್ರಕ್ಕಾಗಿ ಕಟ್ಟಿದ ಭಾಷೆಯಲ್ಲೂ ಅದು ನಿಜವೆಂಬುದನ್ನು, ಆ ಭಾಷೆಯನ್ನು ಕಟ್ಟಿದವರೇ ಕಂಡುಕೊಂಡು ಸಭೆಯ ಮುಂದೆ ಹೇಳಿದರು.